ಪಾಳಿ ಬರುವವರೆಗೆ ಪರದೇಶಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ ಸೀಮೆಯ ಆಡುಮಾತಿನಲ್ಲಿ 'ಪರದೇಶಿ' ಎಂಬ ಶಬ್ದಕ್ಕೆ ನಿಘಂಟಿನಲ್ಲಿರುವುದಕ್ಕಿಂತ ಭಾರವಾದ ಅರ್ಥವಿದೆ. ಬೇರೆ ದೇಶದಿಂದ ಬಂದವನು ಎಂಬುದು ಅದರ ಮೂಲಾರ್ಥ. ಆದರೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಗುವನ್ನು ಕಂಡಾಗ ನಮ್ಮ ಹಿರಿಯ ತಾಯಂದಿರು, 'ಪಾಪ, ಕೂಸು ಪರದೇಶಿ ಆತು' ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಆ ಮಗು ಹುಟ್ಟಿದ ಊರಿನಿಂದ ಒಂದು ಹೆಜ್ಜೆಯನ್ನೂ ಆಚೆ ಇಟ್ಟಿರುವುದಿಲ್ಲ. ಆದರೂ ಅದು ಪರದೇಶಿ. 'ಇದು ನಮ್ಮದು' ಎನ್ನುವವರು ಅದಕ್ಕಿಲ್ಲ. ತತ್ವಶಾಸ್ತ್ರದ ಗ್ರಂಥಗಳು ಪುಟಗಟ್ಟಲೆ ವಿವರಿಸುವ ಸಂಗತಿಯನ್ನು ಜನರ ಬಾಯಿಮಾತು ಎಷ್ಟೋ ವೇಳೆ ಒಂದೇ ಪದದಲ್ಲಿ ಹಿಡಿದಿಟ್ಟಿರುತ್ತದೆ.

ಹಾಗಾದರೆ ಪರದೇಶಿಗೆ ತನ್ನವರು ದೊರೆಯುವುದು ಹೇಗೆ? ನಾವು ಅವನನ್ನು ಆದರದಿಂದ ನಡೆಸಿಕೊಂಡರೆ ಸಾಕೇ? ಆದರ, ಉಪಚಾರ, ಸತ್ಕಾರ ಇವೆಲ್ಲ ಸೇರಿದರೆ ಸ್ನೇಹವಾಗುತ್ತದೆಯೇ? ಮೇಲ್ನೋಟಕ್ಕೆ ಸುಲಭವಾಗಿ ಕಾಣುವ ಈ ಪ್ರಶ್ನೆ ಇಂದು ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳ ಒಳಗಿನ ಪ್ರಶ್ನೆಯಾಗಿದೆ. ನಮ್ಮ ಸೀಮೆಯಿಂದ ದುಡಿಯಲು ಗೋವೆಗೆ, ಮಂಗಳೂರಿಗೆ, ಪುಣೆಗೆ ಗುಳೆ ಹೋಗುವುದು ಹಳೆಯ ಕತೆ. ಈಗ ಓದಿದ ಮಕ್ಕಳು ಕೊಲ್ಲಿ ದೇಶಗಳಿಗೆ, ಜರ್ಮನಿಗೆ, ಜಪಾನಿಗೆ ಹೊರಟಿದ್ದಾರೆ. ಹೋದವರು ಹಣ ಕಳಿಸುತ್ತಾರೆ, ಭಾವಚಿತ್ರ ಕಳಿಸುತ್ತಾರೆ. ಅಲ್ಲಿ ಅವರಿಗೆ ಯಾರಿದ್ದಾರೆ ಎಂಬುದನ್ನು ಮಾತ್ರ ಭಾವಚಿತ್ರಗಳಿಂದ ತಿಳಿಯಲಾಗುವುದಿಲ್ಲ.

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದಿ, ಈಗ ಟೋಕಿಯೊ ನಗರದಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ನಮ್ಮ ಕಡೆಯ ಯುವಕನೊಬ್ಬ ಕ್ರಿಸ್ತಜಯಂತಿಗೆ ಊರಿಗೆ ಬಂದಾಗ ನನ್ನೊಡನೆ ಬಹಳ ಹೊತ್ತು ಮಾತನಾಡಿದ. ಆ ನಗರದ ನಿಶಿಕಸಾಯ್ ಎಂಬಲ್ಲಿ ಭಾರತೀಯರು ಹೆಚ್ಚಾಗಿ ನೆಲೆಸಿದ್ದಾರೆ. ಬೇಳೆ, ಅಕ್ಕಿ, ಮಸಾಲೆ ಎಲ್ಲವೂ ಅಲ್ಲಿ ಸಿಗುತ್ತವೆ. ಆದರೆ ಈತನಿಗೆ ಮನೆ ಸಿಕ್ಕಿದ್ದು ಜಪಾನೀಯರೇ ಇರುವ ಬೇರೊಂದು ಓಣಿಯಲ್ಲಿ. ಅಲ್ಲಿನ ಪದ್ಧತಿಯಂತೆ ಹೊಸದಾಗಿ ಮನೆ ಮಾಡಿದವನು ಅಕ್ಕಪಕ್ಕದವರಿಗೆ ಟವೆಲ್ಲೋ ಸಾಬೂನೋ ಏನಾದರೊಂದು ಚಿಕ್ಕ ಕಾಣಿಕೆ ಕೊಟ್ಟು ತನ್ನ ಪರಿಚಯ ಹೇಳಿಕೊಳ್ಳಬೇಕು. ಈತನೂ ಹಾಗೆಯೇ ಮಾಡಿದ. ಎಲ್ಲರೂ ಬಾಗಿ ವಂದಿಸಿದರು. ಒಂದು ಮಾತು ಜಪಾನಿ ಭಾಷೆಯಲ್ಲಿ ಆಡಿದರೆ, 'ಎಷ್ಟು ಚೆನ್ನಾಗಿ ಮಾತನಾಡುತ್ತೀರಿ' ಎಂದು ಹೊಗಳಿದರು. ಕಡ್ಡಿಗಳಿಂದ ಅನ್ನ ತಿಂದರೆ ಅದಕ್ಕೂ ಮೆಚ್ಚುಗೆ. ಮೂರು ವರ್ಷ ಕಳೆದರೂ ಅದೇ ಮೆಚ್ಚುಗೆ. (ನಮ್ಮಲ್ಲಿಗೆ ಬಂದ ವಿದೇಶಿ ಗುರುಗಳು ರೊಟ್ಟಿ ಮುರಿದು ತಿಂದಾಗ ನಾವು ಮಾಡುವುದೂ ಇದನ್ನೇ ಅಲ್ಲವೇ?)

'ಫಾದರ್, ಎಲ್ಲಾರೂ ಛಲೋ ಅದಾರ್ರೀ. ಒಬ್ಬರೂ ಕೆಟ್ಟ ಮಾತ ಆಡೂದಿಲ್ಲ. ಆದ್ರ ಯಾರಿಗೂ ನಾ ಬೇಕಾಗಿಲ್ರೀ' ಎಂದ ಆತ.

ಈ ಕೊನೆಯ ಮಾತಿನಲ್ಲಿ ದೂರಿರಲಿಲ್ಲ, ಒಂದು ವಿಸ್ಮಯವಿತ್ತು. ತನಗೆ ಏನೂ ಕೊರತೆಯಾಗದಂತೆ ಎಲ್ಲರೂ ನೋಡಿಕೊಂಡರು, ಆದರೆ ತನ್ನಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಮುಂದೆ ಆತ ಹೇಳಿದ ಸಂಗತಿ ಬಹಳ ಚಿಕ್ಕದು. ಜಪಾನಿನ ಓಣಿಗಳಲ್ಲಿ ನಿವಾಸಿಗಳ ಸಂಘಗಳಿರುತ್ತವೆ. ಚರಂಡಿ ಸ್ವಚ್ಛತೆ, ಬೆಂಕಿ ಅನಾಹುತದ ಎಚ್ಚರಿಕೆ, ಹಬ್ಬದ ಏರ್ಪಾಡು ಇಂಥ ಸೂಚನೆಗಳನ್ನು ಒಂದು ಹಲಗೆಗೆ ಸಿಕ್ಕಿಸಿ ಮನೆಯಿಂದ ಮನೆಗೆ ದಾಟಿಸುತ್ತಾರೆ. ಇದಕ್ಕೆ 'ಕೈರಾನ್‌ಬಾನ್' ಎನ್ನುತ್ತಾರೆ. ಓದಿದವರು ತಮ್ಮ ಮುದ್ರೆಯೊತ್ತಿ ಅಥವಾ ಸಹಿ ಹಾಕಿ ಮುಂದಿನ ಮನೆಗೆ ತಲುಪಿಸಬೇಕು. ಈ ಹಲಗೆ ಮೊದಲ ಎರಡು ವರ್ಷ ಈತನ ಬಾಗಿಲನ್ನು ದಾಟಿ ಹೋಗುತ್ತಿತ್ತು. 'ಪಾಪ, ಪರದೇಶದವನು, ನಮ್ಮ ಲಿಪಿ ಓದಲು ಕಷ್ಟಪಡುತ್ತಾನೆ, ಅವನಿಗೇಕೆ ತೊಂದರೆ' ಎಂಬ ಕರುಣೆಯಿಂದಲೇ ಪಕ್ಕದ ಮನೆಯ ವೃದ್ಧೆ ಅದನ್ನು ನೇರವಾಗಿ ಆಚೆ ಮನೆಗೆ ಕೊಟ್ಟು ಬರುತ್ತಿದ್ದರು. ಒಂದು ಚಳಿಗಾಲದಲ್ಲಿ ಆಕೆಗೆ ಮೊಣಕಾಲು ನೋವು ಹೆಚ್ಚಾಯಿತು. ಆಚೆ ಮನೆಯವರೆಗೆ ನಡೆಯಲಾಗದೆ ಈತನ ಗಂಟೆಯೊತ್ತಿ, ನಾಚಿಕೊಳ್ಳುತ್ತಲೇ ಹಲಗೆಯನ್ನು ಕೈಗಿತ್ತರು. ಈತ ಮೊಬೈಲಿನ ಸಹಾಯದಿಂದ ಅಕ್ಷರ ಅಕ್ಷರ ಓದಿದ. ಬರುವ ಭಾನುವಾರ ಚರಂಡಿ ತೊಳೆಯುವುದು. ಕಾಗೆಗಳು ಕಸವನ್ನು ಕೆದರದಂತೆ ಅದರ ಮೇಲೆ ಬಲೆ ಹೊದಿಸುವ ಕೆಲಸ ಯಾವ ವಾರ ಯಾರದು ಎಂಬ ಪಟ್ಟಿ. ಸಹಿ ಹಾಕಿ ಮುಂದಿನ ಮನೆಗೆ ಕೊಟ್ಟು ಬಂದ. ಮರುತಿಂಗಳು ಪಟ್ಟಿಯಲ್ಲಿ ಅವನ ಹೆಸರೂ ಇತ್ತು.

'ಅವತ್ತ ನನ್ನ ಪಾಳಿ ಬಂತ್ರೀ ಫಾದರ್' ಎಂದು ಆತ ನಕ್ಕ.

ಪಾಳಿ! ನಮ್ಮ ಕಡೆ ನಳದ ನೀರಿಗೆ ಪಾಳಿ, ಹೊಲಕ್ಕೆ ಕಾಲುವೆಯ ನೀರು ಹಾಯಿಸಲು ಪಾಳಿ, ಗಿರಣಿಯಲ್ಲಿ ಜೋಳ ಬೀಸಿಸಲು ಪಾಳಿ. ಪಾಳಿಯೆಂದರೆ ಹಕ್ಕೂ ಹೌದು, ಹೊಣೆಯೂ ಹೌದು. ಅತಿಥಿಗೆ ಪಾಳಿ ಇರುವುದಿಲ್ಲ. ಅವನಿಗೆ ಯಾವಾಗಲೂ ಮೊದಲ ತಟ್ಟೆ. ಮೊದಲ ತಟ್ಟೆ ಗೌರವದ್ದು, ನಿಜ. ಆದರೆ ಹತ್ತು ವರ್ಷ ಒಂದೇ ಮನೆಯಲ್ಲಿ ಮೊದಲ ತಟ್ಟೆಯನ್ನೇ ಉಣ್ಣುತ್ತಿರುವವನು, ಅಡುಗೆಮನೆಯನ್ನು ಒಂದು ದಿನವೂ ಕಾಣದವನು, ಆ ಮನೆಯವನಾಗಿರುವನೇ?

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎಂಟು ಮತ್ತು ಒಂಬತ್ತನೆಯ ಭಾಗಗಳನ್ನು ಸ್ನೇಹದ ವಿಚಾರಕ್ಕೇ ಮೀಸಲಿಟ್ಟಿದ್ದಾನೆ. ಗುರುಮಠದಲ್ಲಿ ಓದಿದ ಪ್ರತಿಯೊಬ್ಬ ಗುರುವೂ ಇದನ್ನು ಒಂದಲ್ಲ ಒಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತಾನೆ. ಸ್ನೇಹದಲ್ಲಿ ಮೂರು ಬಗೆ: ಲಾಭಕ್ಕಾಗಿ ಹುಟ್ಟಿದ್ದು, ಸುಖಕ್ಕಾಗಿ ಹುಟ್ಟಿದ್ದು, ಸದ್ಗುಣಕ್ಕಾಗಿ ಹುಟ್ಟಿದ್ದು. ಇಲ್ಲೊಂದು ಕುತೂಹಲದ ಸಂಗತಿಯಿದೆ. ಆತಿಥೇಯ ಮತ್ತು ಅತಿಥಿಯ ನಡುವಿನ ನಂಟನ್ನು ಆತ ಮೊದಲನೆಯ ಬಗೆಯ ಜೊತೆಗೆ, ಅಂದರೆ ಲಾಭದ ಸ್ನೇಹದ ಸಾಲಿಗೆ ಸೇರಿಸುತ್ತಾನೆ. ಓದಿದಾಗ ಇದು ಒರಟು ಮಾತೆನಿಸಿತ್ತು. ಅದೇ ತತ್ವಜ್ಞಾನಿ ಇನ್ನೊಂದೆಡೆ, ದೂರದ ಪ್ರಯಾಣ ಮಾಡಿದವನಿಗೆ ಪ್ರತಿಯೊಬ್ಬ ಮನುಷ್ಯನೂ ಮತ್ತೊಬ್ಬನಿಗೆ ಎಷ್ಟು ಹತ್ತಿರದವನೆಂಬುದು ಗೋಚರಿಸುತ್ತದೆ ಎಂದೂ ಹೇಳುತ್ತಾನೆ. ಎರಡನ್ನೂ ಕೂಡಿಸಿ ನೋಡಿದರೆ ಅವನ ಆಶಯ ತಿಳಿಯುತ್ತದೆ. ಹತ್ತಿರವಾಗುವ ಸಾಧ್ಯತೆ ಎಲ್ಲರಲ್ಲೂ ಇದೆ, ಆದರೆ ಸತ್ಕಾರ ತಾನಾಗಿಯೇ ಸ್ನೇಹವಾಗುವುದಿಲ್ಲ. ಜೊತೆಯಾಗಿ ಉಪ್ಪು ತಿನ್ನುವವರೆಗೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗ್ರೀಕರ ಗಾದೆಯನ್ನು ಆತ ನೆನೆಯುತ್ತಾನೆ. ಉಪ್ಪು ತಿಂದ ಮನೆ ಎಂಬ ಮಾತನ್ನು ಬಳಸುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಸಂತ ತೋಮಸ್ ಅಕ್ವಿನಾಸರು ಇಲ್ಲಿಂದ ಇನ್ನೂ ದೂರ ನಡೆದರು. ದೇವರಿಗೂ ಮನುಷ್ಯನಿಗೂ ಇರುವ ಅಂತರ ಅಪಾರವಾದುದರಿಂದ ಅವರ ನಡುವೆ ಸ್ನೇಹ ಅಸಾಧ್ಯವೆಂದು ಅರಿಸ್ಟಾಟಲ್ ಭಾವಿಸಿದ್ದ. ಅಕ್ವಿನಾಸರಾದರೋ ದೈವಪ್ರೀತಿಯೆಂದರೆ ಸ್ನೇಹವೇ ಎಂದರು. ಅವರ ವಾದದ ಆಧಾರ ಒಂದೇ: ಸ್ನೇಹಕ್ಕೆ ಏನಾದರೊಂದರಲ್ಲಿ ಸಹಭಾಗಿತ್ವ ಬೇಕು, ದೇವರು ತನ್ನ ಆನಂದದಲ್ಲಿ ನಮಗೆ ಪಾಲು ಕೊಟ್ಟಿದ್ದಾನೆ, ಆದ್ದರಿಂದ ಸ್ನೇಹ ಸಾಧ್ಯ. ಕೊನೆಯ ಭೋಜನದ ರಾತ್ರಿ ಯೇಸುಸ್ವಾಮಿ ಶಿಷ್ಯರನ್ನು ಇನ್ನು ಸೇವಕರೆನ್ನದೆ ಸ್ನೇಹಿತರೆಂದು ಕರೆದದ್ದನ್ನೇ ಅಕ್ವಿನಾಸರು ಪ್ರಮಾಣವಾಗಿ ತೋರಿಸುತ್ತಾರೆ. ಸೇವಕನಿಗೆ ಊಟ ಸಿಗಬಹುದು, ಬಟ್ಟೆ ಸಿಗಬಹುದು. ಯಜಮಾನನ ಮನಸ್ಸಿನಲ್ಲೇನಿದೆ ಎಂಬುದು ಅವನಿಗೆ ತಿಳಿಯದು.

ನಮ್ಮ ಕುಟುಂಬಗಳು ಹಳೆಯ ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರದ ಮುಂದೆ ಮಂಡಿಯೂರಿ ಬರುತ್ತವೆ. 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆದ ಸಾರ್ವಜನಿಕ ದರ್ಶನಕ್ಕೆ ಹೋದವರು ನಮ್ಮಲ್ಲಿ ಅನೇಕರು. ಆದರೆ ಆ ಮಹಾತ್ಮರು ಜಪಾನಿನಲ್ಲಿ ಪರದೇಶಿಯಾಗಿ ಕಳೆದ ಎರಡು ವರ್ಷ ಮೂರು ತಿಂಗಳ ಬದುಕನ್ನು ನಾವು ಅಷ್ಟಾಗಿ ಧ್ಯಾನಿಸಿಲ್ಲ. 1549ರ ಆಗಸ್ಟ್ 15ರಂದು, ಸ್ವರ್ಗಸ್ವೀಕೃತ ಮಾತೆಯ ಹಬ್ಬದ ದಿನ, ಅವರು ಕಾಗೊಶಿಮಾ ಎಂಬ ಬಂದರಿನಲ್ಲಿ ಇಳಿದರು. ಭಾಷೆ ಬಾರದು. ಜನರು ತಮ್ಮ ಬಗ್ಗೆಯೇ ಮಾತಾಡಿಕೊಳ್ಳುತ್ತಿರುವಾಗ ತಾವು ಅವರ ನಡುವೆ ಪ್ರತಿಮೆಗಳಂತೆ ಮೂಕರಾಗಿ ನಿಂತಿದ್ದೇವೆಂದು ಅವರೇ ಒಂದು ಪತ್ರದಲ್ಲಿ ತಿಳಿಸಿದ್ದಾರೆ. ದೂರದ ಸಹೋದರರ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ ಚೀಲವೊಂದರಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಿದ್ದರೆಂಬುದು ಅವರ ಜೀವನದ ಪ್ರಸಿದ್ಧ ಸಂಗತಿ. ಸಂತರಿಗೂ ತಮ್ಮವರು ಬೇಕಿತ್ತು.

ಆದರೆ ಕಾಗೊಶಿಮಾದಲ್ಲಿ ಅವರು ಒಬ್ಬಂಟಿಯಾಗಿರಲಿಲ್ಲ. ಅವರ ಜೊತೆಯಲ್ಲಿ ಆಂಜಿರೊ ಇದ್ದ. ಅದೇ ಊರಿನವನು. ಕೊಲೆಯೊಂದರ ನಂತರ ಊರು ಬಿಟ್ಟು ಓಡಿ, ಹಡಗು ಹತ್ತಿ, 1547ರಲ್ಲಿ ಮಲಾಕ್ಕಾದಲ್ಲಿ ಕ್ಸೇವಿಯರರನ್ನು ಕಂಡವನು. ಗೋವೆಯ ಸಂತ ಪೌಲರ ಕಾಲೇಜಿಗೆ ಬಂದು, 1548ರಲ್ಲಿ ದೀಕ್ಷಾಸ್ನಾನ ಪಡೆದು ಪೌಲನೆಂಬ ಹೆಸರು ಹೊಂದಿದವನು. ಗೋವೆಯಲ್ಲಿ ಆಂಜಿರೊ ಪರದೇಶಿ, ಕ್ಸೇವಿಯರರು ಆಸರೆ. ಕಾಗೊಶಿಮಾದಲ್ಲಿ ಪಾಳಿ ಬದಲಾಯಿತು. ಅಲ್ಲಿ ಗುರುಗಳೇ ಪರದೇಶಿ; ಬಾಯಿ, ಕಿವಿ, ಮನೆ ಎಲ್ಲವೂ ಆಂಜಿರೊನದೇ. ಅವನ ತಾಯಿ, ಹೆಂಡತಿ, ಮಗಳು ಮೊದಲ ವಿಶ್ವಾಸಿಗಳಾದರು. ಜಪಾನಿನ ಧರ್ಮಸಭೆ ಆರಂಭವಾದದ್ದು ಹೀಗೆ, ಒಬ್ಬರಿಗೊಬ್ಬರು ಪಾಳಿಯಂತೆ ಆಸರೆಯಾದ ಇಬ್ಬರ ಸ್ನೇಹದಿಂದ.

ಜಪಾನು ನಮ್ಮ ನೆಲಕ್ಕೆ ಅಷ್ಟೇನೂ ದೂರವಿಲ್ಲವೆಂಬುದಕ್ಕೆ ಇನ್ನೂ ಹಳೆಯ ಕತೆಯೊಂದಿದೆ. ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ 641ರ ಸುಮಾರಿಗೆ ಚೀನಾದ ಬೌದ್ಧ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಬಂದಿದ್ದನೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಇಲ್ಲಿನ ಜನರು ಉಪಕಾರ ಸ್ಮರಿಸುವವರು, ಅಪಮಾನ ಮರೆಯದವರು, ಕಷ್ಟದಲ್ಲಿರುವವನು ಸಹಾಯ ಕೇಳಿದರೆ ತಮ್ಮನ್ನೇ ಮರೆತು ಧಾವಿಸುವವರು ಎಂದು ಆತ ಬರೆದಿಟ್ಟ. ಈ ಮೆಚ್ಚುಗೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಮುಂದಿನ ಕತೆ ನಮ್ಮ ಪಠ್ಯಗಳಲ್ಲಿ ಬರುವುದಿಲ್ಲ. ಹದಿನಾರು ವರ್ಷಗಳ ಅಲೆದಾಟ ಮುಗಿಸಿ ಆತ 645ರಲ್ಲಿ ತನ್ನ ದೇಶಕ್ಕೆ ಮರಳಿದ. 653ರಲ್ಲಿ ಜಪಾನಿನಿಂದ ದೋಶೋ ಎಂಬ ತರುಣ ಭಿಕ್ಷು ಚೀನಾಕ್ಕೆ ಬಂದು ಅವನ ಶಿಷ್ಯನಾದ. ಹೊಸ ದೇಶ, ಹೊಸ ಭಾಷೆ, ಗುರುತಿಲ್ಲದ ಮುಖಗಳು. ಗುರು ಈ ಪರದೇಶಿ ಶಿಷ್ಯನನ್ನು ಉಳಿದೆಲ್ಲರಿಗಿಂತ ಹೆಚ್ಚು ಪ್ರೀತಿಸಿ ತನ್ನ ಕೋಣೆಯಲ್ಲೇ ಇರಿಸಿಕೊಂಡ. ಏಕೆಂಬುದನ್ನು ಜಪಾನಿನ ಪ್ರಾಚೀನ ರಾಜವೃತ್ತಾಂತವಾದ 'ಶೋಕು ನಿಹೊಂಗಿ' ತಿಳಿಸುತ್ತದೆ. ಪಶ್ಚಿಮದ ನಾಡುಗಳಿಗೆ ಹೊರಟಿದ್ದಾಗ ದಾರಿಯಲ್ಲಿ ಹಸಿವಿನಿಂದ ಬಳಲಿದ್ದೆ, ಭಿಕ್ಷೆ ಬೇಡಲು ಹಳ್ಳಿಯೂ ಇರಲಿಲ್ಲ, ಆಗ ಎಲ್ಲಿಂದಲೋ ಬಂದ ಭಿಕ್ಷುವೊಬ್ಬ ಒಂದು ಪೇರುಹಣ್ಣನ್ನು ಕೊಟ್ಟ, ಆ ಹಣ್ಣನ್ನು ಕೊಟ್ಟವನು ನೀನೇ ಎಂದು ಗುರು ಶಿಷ್ಯನಿಗೆ ಹೇಳಿದನಂತೆ.

ಕಾಲದ ಲೆಕ್ಕ ಹಿಡಿದರೆ ಈ ಮಾತು ಸರಿಹೋಗದು; ಆ ಹಣ್ಣು ಕೊಟ್ಟ ದಿನಗಳಲ್ಲಿ ದೋಶೋ ಇನ್ನೂ ಕೂಸು. ಪುನರ್ಜನ್ಮದ ನಂಬಿಕೆ ನಮ್ಮದಲ್ಲ, ಅದರ ಚರ್ಚೆ ಇಲ್ಲಿ ಬೇಕಾಗಿಯೂ ಇಲ್ಲ. ಆದರೆ ಆ ಗುರು ಏನು ಮಾಡಿದನೆಂಬುದನ್ನು ಗಮನಿಸಿ. ಕೊಡುವ ಸ್ಥಾನದಲ್ಲಿ ತಾನಿದ್ದೂ, 'ನಿನಗೆ ನಾನು ಕೊಡುತ್ತಿದ್ದೇನೆ' ಎನ್ನದೆ, 'ನಿನ್ನಿಂದ ನಾನು ಮೊದಲೇ ಪಡೆದಿದ್ದೇನೆ' ಎಂದ. ತಾನೂ ಒಮ್ಮೆ ಪರದೇಶಿಯಾಗಿದ್ದವನಿಗೆ ಮಾತ್ರ ಹೊಳೆಯುವ ಮಾತಿದು. ಇಸ್ರಾಯೇಲರಿಗೆ ಪರದೇಶಿಯನ್ನು ಪ್ರೀತಿಸಿರೆಂದು ಆಜ್ಞಾಪಿಸುವಾಗ ದೇವರು ಅವರು ಈಜಿಪ್ಟಿನಲ್ಲಿದ್ದುದನ್ನು ಮತ್ತೆ ಮತ್ತೆ ನೆನಪಿಸುವುದೂ ಇದಕ್ಕಾಗಿಯೇ. ದೋಶೋ ಜಪಾನಿಗೆ ಮರಳಿದ ಮೇಲೆ ಊರೂರು ತಿರುಗಿ ದಾರಿಯ ಬದಿಗಳಲ್ಲಿ ಬಾವಿ ತೋಡಿಸಿದ, ಹೊಳೆಗಳಿಗೆ ಸೇತುವೆ ಕಟ್ಟಿಸಿದ ಎಂದು ಅದೇ ವೃತ್ತಾಂತ ದಾಖಲಿಸಿದೆ.

ಹುನಗುಂದ ತಾಲೂಕಿನ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘವೂ ಕಡಲು ದಾಟಿದವರದು. ಸುಮಾತ್ರಾ ದ್ವೀಪದ ಬರೂಸ್ ಎಂಬಲ್ಲಿ 1088ರ ತಮಿಳು ಶಾಸನವೊಂದರಲ್ಲಿ ಐನೂರ್ವರ ಹೆಸರಿದೆ. ಪರದೇಶದಲ್ಲಿ ಬಾಳುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ.

ಈಗ ನಮ್ಮ ಅಂಗಳವನ್ನು ನೋಡೋಣ. ಘಟ್ಟದ ಕೆಳಗೆ ದುಡಿಯಲು ಹೋದ ನಮ್ಮ ಜನರನ್ನು ಗೋವೆಯಲ್ಲಿ 'ಘಾಟಿ' ಎಂದು ಕರೆಯುತ್ತಾರೆ. ಘಟ್ಟದ ಮೇಲಿನವನು ಎಂಬುದಷ್ಟೇ ಅದರ ಅಕ್ಷರಾರ್ಥ, ಆದರೆ ಹೇಳುವ ಧಾಟಿಯಲ್ಲಿ ತಿರಸ್ಕಾರವಿರುತ್ತದೆ. ಜಪಾನಿನಲ್ಲಿ ವಿದೇಶಿಯನ್ನು 'ಗೈಜಿನ್' ಎನ್ನುತ್ತಾರೆ, ಹೊರಗಿನ ಮನುಷ್ಯ ಎಂದು. 2024ರ ಕೊನೆಗೆ ಆ ದೇಶದಲ್ಲಿ ವಾಸವಾಗಿದ್ದ ವಿದೇಶೀಯರ ಸಂಖ್ಯೆ 37 ಲಕ್ಷ ದಾಟಿತ್ತು. ಅಷ್ಟೂ ಜನ ಹೊರಗಿನವರು. ಘಾಟಿ ಎಂಬ ಮಾತು ನಮ್ಮವರಿಗೆ ಎಷ್ಟು ನೋಯುತ್ತದೆಂದು ನಮಗೆ ಗೊತ್ತು. ಗೋವೆಯಲ್ಲಿ ಕಟ್ಟಡಕ್ಕೆ ಕಲ್ಲು ಹೊತ್ತವರು ಅದೇ ಭಾನುವಾರ ಅದೇ ಪರಮಪ್ರಸಾದವನ್ನು ಸ್ವೀಕರಿಸಿದ್ದರೂ ಆ ಮಾತು ತಪ್ಪಲಿಲ್ಲ. ಆದರೆ ನಮ್ಮ ಊರುಗಳಿಗೆ ಗ್ರಾನೈಟ್ ಕೆಲಸಕ್ಕೋ ರಸ್ತೆ ಕೆಲಸಕ್ಕೋ ಬಂದ ಹೊರರಾಜ್ಯದ ಕೂಲಿಕಾರನನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ? ಅವನ ಸ್ವಂತ ಹೆಸರಿನಿಂದಲೇ?

ಊರು ಬಿಡದೆಯೂ ಪರದೇಶಿಯಾಗುವ ಅನುಭವ ಬಾಗಲಕೋಟೆಯ ಜನರಿಗೆ ಆಗಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಪಟ್ಟಣದ ಓಣಿಗಳನ್ನು ನುಂಗಿದಾಗ, ಒಂದೇ ಕಟ್ಟೆಯ ಮೇಲೆ ಸಂಜೆ ಕಳೆಯುತ್ತಿದ್ದ ಮನೆಗಳು ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದವು. ಮನೆಗೆ ಪರಿಹಾರ ಸಿಕ್ಕಿತು. ಸಕ್ಕರೆ ತೀರಿದರೆ ಬಟ್ಟಲು ಹಿಡಿದು ಹೋಗುತ್ತಿದ್ದ ಬಾಗಿಲಿಗೆ ಪರಿಹಾರವೆಂಬುದಿಲ್ಲ. ಹೊಸ ಸೆಕ್ಟರಿನಲ್ಲಿ ಮೊದಲ ಬಾರಿ ಬಟ್ಟಲು ಹಿಡಿದು ಅಪರಿಚಿತ ಬಾಗಿಲು ಬಡಿಯುವುದು ಸಾಮಾನ್ಯ ಧೈರ್ಯವಲ್ಲ. ಕೊಡುವುದಕ್ಕಿಂತ ಕೇಳುವುದೇ ಕಷ್ಟ.

ಇನ್ನು ನಮ್ಮ ಧರ್ಮಕೇಂದ್ರಗಳೊಳಗಿನ ಮಾತು. ಕೇರಳದಿಂದಲೋ ಕರಾವಳಿಯಿಂದಲೋ ಬಂದ ಧರ್ಮಭಗಿನಿಯರು ನಮ್ಮ ಶಾಲೆ, ದವಾಖಾನೆಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ಸೇವೆ ಮಾಡಿರುತ್ತಾರೆ. ನಾವು ಅವರಿಗೆ ಎದ್ದು ನಿಂತು ವಂದಿಸುತ್ತೇವೆ. ಹಬ್ಬದಲ್ಲಿ ಮೊದಲ ಸಾಲಿನ ಕುರ್ಚಿ ಕೊಡುತ್ತೇವೆ. ವರ್ಗಾವಣೆಯಾದಾಗ ಶಾಲು ಹೊದಿಸಿ, ಹಾರ ಹಾಕಿ, ಕಣ್ಣೀರೊಂದಿಗೆ ಬೀಳ್ಕೊಡುತ್ತೇವೆ. ಆ ಕಣ್ಣೀರು ಸುಳ್ಳಲ್ಲ. ಆದರೆ ಮೂವತ್ತು ವರ್ಷಗಳ ನಂತರವೂ ಅವರು ನಮಗೆ 'ಕೇರಳದ ಸಿಸ್ಟರ್'. ಅವರ ತಾಯಿ ತೀರಿಕೊಂಡ ಸುದ್ದಿ ನಮಗೆ ತಿಳಿಯುವುದು ಬಲಿಪೂಜೆಯ ಕೊನೆಯ ಪ್ರಕಟಣೆಯಲ್ಲಿ. ನಮ್ಮ ಮನೆಯ ಜಗಳ, ಸಾಲ, ಮಗಳ ಮದುವೆಯ ಚಿಂತೆ ಅವರಿಗೆ ಗೊತ್ತು. ಅವರಿಗೇನು ಚಿಂತೆಯಿದೆ ಎಂದು ನಾವು ಕೇಳಿದ್ದೇವೆಯೇ? ಗುರುಗಳ ವಿಷಯದಲ್ಲೂ ಇದೇ ನಡೆಯುತ್ತದೆ. ಅದನ್ನು ಗುರುವೇ ಬರೆಯುವುದು ಚಂದವಲ್ಲ, ಬಿಡೋಣ. ಗೌರವದ ಕುರ್ಚಿ ಎಷ್ಟು ಎತ್ತರವಾಗುತ್ತದೋ ಅಷ್ಟು ಕುಳಿತವರ ಮಾತು ನೆಲದವರಿಗೆ ಕೇಳಿಸದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದುದಲ್ಲ. ಸ್ನೇಹಕ್ಕೆ ಕೊಡುಕೊಳ್ಳುವಿಕೆ ಬೇಕೆಂದರೆ ಅದು ಮುಯ್ಯಿಯ ಲೆಕ್ಕವಾಗಲಿಲ್ಲವೇ? ನಮ್ಮ ಮದುವೆಗಳಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ವಹಿಯಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟೇ ಹಿಂದಿರುಗಿಸುತ್ತೇವೆ. ಜಪಾನಿನಲ್ಲೂ 'ಒಕಾಯೆಶಿ' ಎಂಬ ಮರುಕಾಣಿಕೆಯ ಪದ್ಧತಿ ಇದೆ; ಪಡೆದವನು ಹಿಂದಿರುಗಿಸಲೇಬೇಕು. ಆದರೆ ಸಂತ ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಔತಣಕ್ಕೆ ಬಂಧುಗಳನ್ನೂ ಧನಿಕರನ್ನೂ ಬಿಟ್ಟು, ಹಿಂದಿರುಗಿಸಲಾರದ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಯಿರಿ ಎಂದು ಬೋಧಿಸಿದ್ದಾರೆ. ಹಾಗಿರುವಾಗ ಪರದೇಶಿಯಿಂದ ನಾವು ಏನನ್ನಾದರೂ ನಿರೀಕ್ಷಿಸುವುದು ಸರಿಯೇ?

ಸ್ವಾಮಿಯ ಆ ಬೋಧನೆ ಕೊಡುವವನ ದುರಾಸೆಯನ್ನು ಕುರಿತದ್ದು. ಹಿಂದಕ್ಕೆ ಬರಲೆಂದು ಕೊಡಬೇಡ ಎಂದರೆ, ಬಡವನು ಕೊಟ್ಟದ್ದನ್ನು ಮುಟ್ಟಬೇಡ ಎಂದಾಗುವುದಿಲ್ಲ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಬಡ ವಿಧವೆ ಎರಡು ಕಾಸು ಹಾಕಿದಾಗ ಅವರು ಆಕೆಯನ್ನು ತಡೆಯಲಿಲ್ಲ. ಬರಗಾಲದಲ್ಲಿ ಸಿದೋನ್ ಪ್ರಾಂತ್ಯಕ್ಕೆ ಪರದೇಶಿಯಾಗಿ ಹೋದ ಪ್ರವಾದಿ ಎಲೀಯ, ಕೊನೆಯ ಹಿಡಿ ಹಿಟ್ಟು ಉಳಿದಿದ್ದ ವಿಧವೆಯನ್ನೇ ರೊಟ್ಟಿ ಕೇಳಿದ. ಎಲ್ಲಕ್ಕಿಂತ ಮಿಗಿಲಾಗಿ ಸಮಾರಿಯದ ಬಾವಿಯ ದೃಶ್ಯವನ್ನು ನೆನೆಯಿರಿ. ಯೆಹೂದ್ಯನಾದ ಯೇಸು ಅಲ್ಲಿ ಪರದೇಶಿ. ಜೀವಜಲವನ್ನು ಕೊಡಬಲ್ಲವರು ಮೊದಲು ಮಾಡಿದ್ದು ಕುಡಿಯಲು ನೀರು ಕೇಳಿದ್ದು. ಕೊಡ ಆಕೆಯದು, ಹಗ್ಗ ಆಕೆಯದು, ಬಾವಿ ಆಳವಾಗಿದೆ. ಊರವರು ಯಾರೂ ಏನನ್ನೂ ಕೇಳದಿದ್ದ ಹೆಂಗಸನ್ನು ದೇವಪುತ್ರನು ಸಹಾಯ ಕೇಳಿದ. ಅದರಿಂದಾಗಿ ಆಕೆ ಆತನೊಡನೆ ವಾದ ಮಾಡಿದಳು, ಪ್ರಶ್ನೆ ಕೇಳಿದಳು, ಕೊಡವನ್ನೇ ಮರೆತು ಊರಿಗೆ ಓಡಿದಳು.

ಸಾಲಕ್ಕೂ ಪಾಳಿಗೂ ವ್ಯತ್ಯಾಸ ಇರುವುದು ಇಲ್ಲೇ. ಸಾಲ ತೀರಿದರೆ ನಂಟು ಮುಗಿಯಿತು. ಪಾಳಿ ಮತ್ತೆ ಬರುತ್ತದೆ.

ಅರಿಸ್ಟಾಟಲ್ ಸ್ನೇಹಿತರಲ್ಲಿ ಸಾಮ್ಯವನ್ನು ಬಯಸಿದ. ಇಲಕಲ್ಲಿನ ನೇಕಾರರಿಗೆ ಆ ವಿಷಯದಲ್ಲಿ ಬೇರೆ ಅನುಭವವಿದೆ. ಇಲಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಿರಬಹುದು. ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕುಣಿಕೆಯಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಈ ಕುಶಲತೆಗೆ 'ಟೋಪ್ ತೆನಿ' ಎಂದು ಹೆಸರು. ಹತ್ತಿ ರೇಷ್ಮೆಯಾಗುವುದಿಲ್ಲ, ರೇಷ್ಮೆ ಹತ್ತಿಯಾಗುವುದಿಲ್ಲ, ಎಳೆದರೂ ಬಿಡುವುದಿಲ್ಲ. ಅದರ ಮೇಲೆ ತೊಡುವ ಕುಪ್ಪಸದ ಖಣ ಮತ್ತೊಂದು ಊರಿನದು, ಗುಳೇದಗುಡ್ಡದ್ದು.

ಆ ಗುಳೇದಗುಡ್ಡದ ನೇಕಾರರ ನಡುವೆಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನ ಯುರೋಪಿಯನ್ನರು ಬಂದು ನೆಲೆಸಿದ್ದರು. ಅದೇ ಸಂಸ್ಥೆಯ ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದು, ಜನರ ಬಾಯಿಂದ, ಓಲೆಗರಿಗಳಿಂದ ಒಂದೊಂದೇ ಪದವನ್ನು ಕೇಳಿ ಪಡೆದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಪ್ರೊಟೆಸ್ಟಂಟ್ ಸಹೋದರನಾದ ಈ ಜರ್ಮನ್ನನನ್ನು ಕನ್ನಡಿಗರು ತಮ್ಮವನೆಂದು ಒಪ್ಪಿಕೊಂಡದ್ದು ಆತ ಬೋಧಿಸಿದ್ದಕ್ಕಾಗಿಯೇ ಎಂದು ನನಗನಿಸುವುದಿಲ್ಲ. 'ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ' ಎಂದು ದಶಕಗಳ ಕಾಲ ಕೇಳಿದ್ದಕ್ಕಾಗಿ ಎಂದೇ ನನ್ನ ಭಾವನೆ.

ಕೊನೆಯದಾಗಿ ಜಪಾನಿನಲ್ಲಿ ಬಾಳಿ ಅಲ್ಲಿಯೇ ಮಡಿದ ನಮ್ಮ ದೇಶದವನೇ ಆದ ಸಂತನೊಬ್ಬನ ಬಗ್ಗೆ ಹೇಳಬೇಕು. ಸಂತ ಗೊನ್ಸಾಲೊ ಗಾರ್ಸಿಯಾ ಮುಂಬಯಿಯ ಉತ್ತರಕ್ಕಿರುವ ವಸಾಯಿಯಲ್ಲಿ ಹುಟ್ಟಿದವನು. ತಂದೆ ಪೋರ್ಚುಗೀಸ, ತಾಯಿ ಸ್ಥಳೀಯಳು ಎಂದು ಪರಂಪರೆ. ಯೇಸುಸಭೆಯ ಗುರುಗಳ ಆಶ್ರಯದಲ್ಲಿ ಬೆಳೆದು, ಎಳೆಯ ವಯಸ್ಸಿನಲ್ಲೇ ಅವರೊಡನೆ ಜಪಾನಿಗೆ ಹೋದ. ಭಾಷೆಯನ್ನು ಮಕ್ಕಳು ಕಲಿಯುವಂತೆ ಕಲಿತ. ಉಪದೇಶಿಯಾದ, ಅನಂತರ ವರ್ತಕನಾದ, ಮುಂದೆ ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಹೋದರನಾದ. 1593ರಲ್ಲಿ ಗುರು ಪೀಟರ್ ಬ್ಯಾಪ್ಟಿಸ್ಟರ ದುಭಾಷಿಯಾಗಿ ಮತ್ತೆ ಜಪಾನಿಗೆ ಬಂದು, ಆ ದೇಶದ ಸರ್ವಾಧಿಕಾರಿ ಹಿಡೆಯೋಶಿಯ ಸಮ್ಮುಖದಲ್ಲಿ ಮಾತನಾಡಿದ. ಗುರುಪಟ್ಟ ಇಲ್ಲದ ಈ ಸಹೋದರನ ನಾಲಿಗೆಯನ್ನೇ ಅವಲಂಬಿಸಿ ಗುರುಗಳು ಅಲ್ಲಿ ಬದುಕಿದರು.

1596ರ ಕೊನೆಯಲ್ಲಿ ಹಿಡೆಯೋಶಿಯ ಕೋಪಕ್ಕೆ ಗುರಿಯಾಗಿ ಇಪ್ಪತ್ತನಾಲ್ಕು ಜನ ಬಂಧಿತರಾದರು. ಎಡಗಿವಿಯ ತುದಿಯನ್ನು ಕತ್ತರಿಸಿ, ಬೀದಿಗಳಲ್ಲಿ ಮೆರವಣಿಗೆ ಮಾಡಿ, ಕಡುಚಳಿಯಲ್ಲಿ ಸುಮಾರು ಒಂದು ತಿಂಗಳು ಅವರನ್ನು ನಾಗಾಸಾಕಿಯತ್ತ ನಡೆಸಿದರು. ಈ ದಾರಿಯಲ್ಲಿ ಇಬ್ಬರು ಜಪಾನೀಯರು ಅವರ ಬೆನ್ನು ಹತ್ತಿದರು. ಒಬ್ಬನ ಹೆಸರು ಪೇತ್ರ ಸುಕೆಜಿರೊ. ಕೈದಿಗಳ ಆರೈಕೆಗಾಗಿ ಕ್ಯೋಟೊದ ಗುರುಗಳೊಬ್ಬರು ಅವನನ್ನು ಕಳಿಸಿದ್ದರು. ಇನ್ನೊಬ್ಬ ಫ್ರಾನ್ಸಿಸ್, ಕ್ಯೋಟೊದ ಬಡಗಿ. ಅವನನ್ನು ಯಾರೂ ಕಳಿಸಿರಲಿಲ್ಲ. ಮರಣದಂಡನೆಯ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿಲ್ಲ. ಕೈದಿಗಳಿಗೆ ಬೇಕಾದುದನ್ನು ಒದಗಿಸುತ್ತಾ ಅವರು ಜೊತೆಗೆ ನಡೆದರು. ಕಾವಲುಗಾರರು ಅವರನ್ನೂ ಹಿಡಿದು ಕಟ್ಟಿದರು. ಹೀಗೆ ಇಪ್ಪತ್ತನಾಲ್ಕು ಜನರ ಪಟ್ಟಿ ಇಪ್ಪತ್ತಾರಾಯಿತು.

1597ರ ಫೆಬ್ರವರಿ 5ರಂದು ನಾಗಾಸಾಕಿಯ ನಿಶಿಜಾಕಾ ಗುಡ್ಡದ ಮೇಲೆ ಇಪ್ಪತ್ತಾರು ಶಿಲುಬೆಗಳು ಒಂದೇ ಸಾಲಿನಲ್ಲಿ ನಿಂತವು. ಆರು ಜನ ಪರದೇಶಿಗಳು, ಇಪ್ಪತ್ತು ಜನ ಆ ನಾಡಿನವರು. 1862ರಲ್ಲಿ ಒಂಬತ್ತನೆಯ ಪಿಯುಸ್ ಜಗದ್ಗುರುಗಳು ಎಲ್ಲರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. 1962ರಲ್ಲಿ ಅದೇ ಗುಡ್ಡದ ಮೇಲೆ ಕಟ್ಟಿದ ಸ್ಮಾರಕದಲ್ಲಿ ಇಪ್ಪತ್ತಾರು ಕಂಚಿನ ಮೂರ್ತಿಗಳಿವೆ. ವಸಾಯಿಯ ಗೊನ್ಸಾಲೊ ಆ ಸಾಲಿನಲ್ಲಿದ್ದಾನೆ. ಯಾರೂ ಕಳಿಸದೆ ಬಂದ ಬಡಗಿಯೂ ಅದೇ ಸಾಲಿನಲ್ಲಿದ್ದಾನೆ.